ಬಿಚ್ಚಬೇಡಿ ಎಂದು ಹೇಳಿದ್ದ ಪೆಟ್ಟಿಗೆ

ಕಣ್ಣು ಪರೀಕ್ಷೆಗೆ ಕೂತವರು ಸುಳ್ಳು ಹೇಳುತ್ತಾರೆ. ನನ್ನ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ ಇದು. ತಮಗಿಂತ ಮುಂಚಿನವರು ಓದುವಾಗ ಹಿಂದಿನ ಬೆಂಚಿನಲ್ಲಿ ಕೂತು ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಸರದಿ ಬಂದಾಗ ಕಟ್ಟಕಡೆಯ ಸಾಲನ್ನೂ ಪಟಪಟನೆ ಒಪ್ಪಿಸಿ, ಇನ್ನೇನಿದೆ ಎಂಬಂತೆ ನನ್ನ ಮುಖ ನೋಡುತ್ತಾರೆ. ಲೈಸೆನ್ಸಿಗೆ ಸರ್ಟಿಫಿಕೇಟ್ ಬೇಕಾದ ಡ್ರೈವರುಗಳಂತೂ ಕೇಳುವುದೇ ಬೇಡ. ಅದಕ್ಕೇ ನಾನು ಒಬ್ಬೊಬ್ಬರಿಗೂ ಬೇರೆ ಬೇರೆ ಅಕ್ಷರಪಟ ಹಾಕುತ್ತೇನೆ. ಪುತ್ತೂರಿನ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷವಾದ ಮೇಲೆ, ಯಾರು ಏನು ಹೇಳಿದರೂ ಮೊದಲು ಅನುಮಾನಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಇದರಿಂದ ನನಗೆ ಲಾಭವೇ ಹೊರತು ನಷ್ಟವಿಲ್ಲ ಎಂದು ತಿಳಿದಿದ್ದೆ.

ಈ ಅನುಮಾನದಿಂದ ಒಬ್ಬರಿಗೆ ಮಾತ್ರ ವಿನಾಯಿತಿ ಇತ್ತು. ನನ್ನ ಅಂಗಡಿಗೂ ಪಕ್ಕದ ಚಪ್ಪಲಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಅಂಗಡಿಯವರು ಬ್ಯಾರಿಗಳು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ನಾನು ಕಣ್ಣಿನ ಶಿಬಿರ ಎಂದು ಕಡಬಕ್ಕೋ ಆಲಂಕಾರಿಗೋ ಹೋದ ದಿನ ನನ್ನ ಗಿರಾಕಿಗಳನ್ನು ಕೂರಿಸಿ, ರಿಪೇರಿಗೆ ಬಂದ ಕನ್ನಡಕಗಳನ್ನು ಇಸಿದುಕೊಂಡು ಇಡುತ್ತಿದ್ದವರು ಅವರು. ಅವರು ಮಸೀದಿಗೆ ಹೋದಾಗ ನಾನು ಚಪ್ಪಲಿ ಮಾರುತ್ತಿದ್ದೆ. ಅಳತೆ ತಪ್ಪಿ ಕೊಟ್ಟು ಬೈಸಿಕೊಂಡದ್ದೂ ಉಂಟು. ಊರು ಬಿಸಿಯೇರಿದ ದಿನಗಳಲ್ಲಿ ಇಬ್ಬರ ಮೊಬೈಲಿಗೂ ಬರಬಾರದ ಸಂದೇಶಗಳೆಲ್ಲ ಬಂದು ಬೀಳುತ್ತವೆ. ಆಗೆಲ್ಲ ನಾವು ಮೊಬೈಲನ್ನು ಕವುಚಿ ಇಟ್ಟು ಚಹಾ ಕುಡಿಯುತ್ತಿದ್ದೆವು. ಅಂಥ ಸ್ನೇಹವನ್ನು ನಾನು ಒಂದು ರೈಲು ಎಂಜಿನ್ನಿಗಾಗಿ ಪಣಕ್ಕೆ ಒಡ್ಡಿದೆ. ಒಡ್ಡುತ್ತಿದ್ದೇನೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಎಂಜಿನ್ ಎಂದರೆ ಅಂಗೈಗಿಂತ ತುಸು ಉದ್ದದ್ದು. ಅಂಗಡಿಯ ಮಾಳಿಗೆಯಲ್ಲಿ ನನ್ನದೊಂದು ರೈಲುದಾರಿ ಇದೆ. ಪ್ಲೈವುಡ್ ಹಲಗೆಗಳ ಮೇಲೆ ಥರ್ಮಾಕೋಲಿನ ಗುಡ್ಡ, ಪಾತ್ರೆ ತಿಕ್ಕುವ ಹಸಿರು ನಾರನ್ನು ಚೂರು ಮಾಡಿ ಅಂಟಿಸಿದ ಕಾಡು, ವಾರ್ನಿಷ್ ಸುರಿದು ಮಾಡಿದ ಗುಂಡ್ಯ ಹೊಳೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಘಾಟಿ ಏರುವ ದಾರಿಯನ್ನೇ ನಾನು ಅಲ್ಲಿ ಕಟ್ಟುತ್ತಿದ್ದೇನೆ. ಮುಗಿದಿಲ್ಲ, ಮುಗಿಯುವುದೂ ಇಲ್ಲ. ಹೆಂಡತಿ ಅದನ್ನು 'ನಿಮ್ಮ ಇಲಾಖೆ' ಎನ್ನುತ್ತಾಳೆ. ಊಟಕ್ಕೆ ಕರೆಯಬೇಕಾದರೆ ಕೆಳಗೆ ನಿಂತು 'ಗಾಡಿ ಎಲ್ಲಿ ನಿಂತಿದೆ?' ಎಂದು ಕೂಗುತ್ತಾಳೆ. ಗಾಡಿ ನಿಲ್ಲುತ್ತಿದ್ದುದು ಏರಿನಲ್ಲೇ. ನನ್ನ ಬಳಿ ಇದ್ದ ಅಗ್ಗದ ಎಂಜಿನ್ ತೀರಾ ಹಗುರ. ಎರಡು ಬೋಗಿ ಕಟ್ಟಿದರೆ ಸಾಕು, ಘಾಟಿಯ ಬುಡದಲ್ಲೇ ಅದರ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಏರು ಹತ್ತಬೇಕಾದರೆ ಎಂಜಿನ್ನಿಗೆ ತೂಕ ಬೇಕು. ಒಳ್ಳೆಯ ಕಂಪನಿಯವರು ಅದರ ಹೊಟ್ಟೆಯೊಳಗೆ ಲೋಹದ ಗಟ್ಟಿಯೊಂದನ್ನು ಕೂರಿಸಿರುತ್ತಾರೆ. ಅಂಥವು ತಯಾರಾಗುವುದು ಜರ್ಮನಿಯಲ್ಲಿ.

ಜರ್ಮನಿಯಿಂದ ತರಿಸುವುದೇನೂ ಕಷ್ಟವಲ್ಲ, ಸುಂಕದ ಕಟ್ಟೆ ದಾಟಿಸುವುದು ಕಷ್ಟ. ಮೊದಲೊಮ್ಮೆ ಹಳಿಗಳನ್ನೂ ಒಂದು ಸಿಗ್ನಲ್ ಕಂಬವನ್ನೂ ತರಿಸಿದ್ದೆ. ಅದರ ಮೇಲೆ ಬಿದ್ದ ಸುಂಕ, ಸುಂಕದ ಮೇಲಿನ ತೆರಿಗೆ, ಕೊರಿಯರಿನವರು ಆ ಕಾಗದಪತ್ರ ನೋಡಿಕೊಂಡದ್ದಕ್ಕೆ ಹಾಕಿದ ಚಾರ್ಜು ಎಲ್ಲ ಸೇರಿ ಹೆಚ್ಚುಕಡಿಮೆ ಮಾಲಿನ ಬೆಲೆಯ ಹತ್ತಿರಕ್ಕೇ ಹೋಗಿತ್ತು. ಸಿಟ್ಟು ಬಂದು ಕೊರಿಯರಿನವರ ಕಚೇರಿಗೆ ಫೋನ್ ಮಾಡಿದೆ. ಆಚೆ ಕಡೆಯ ಹೆಂಗಸು ಬಹಳ ತಾಳ್ಮೆಯಿಂದ, ಇದು ಆಟಿಕೆಯ ವರ್ಗಕ್ಕೆ ಸೇರುತ್ತದೆ, ಹೊರಗಿನ ಆಟಿಕೆಗಳ ಸುಂಕವನ್ನು ಸರ್ಕಾರ ಏರಿಸಿದೆ ಎಂದು ವಿವರಿಸಿದಳು.

"ಇದು ಆಟಿಕೆ ಅಲ್ಲ" ಎಂದೆ.

"ಮತ್ತೇನು ಸರ್?"

"ಮಾಡೆಲ್. ನಿಜವಾದ ರೈಲಿನ ಪ್ರತಿರೂಪ."

"ಅದನ್ನು ಏನು ಮಾಡ್ತೀರಿ ಸರ್?"

"ಓಡಿಸುತ್ತೇನೆ" ಎಂದೆ. ಆಚೆ ಕಡೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳೆಂದು ಇವತ್ತಿಗೂ ನನಗೆ ಗುಮಾನಿ.

ನಮ್ಮ ದೇಶದ ಆಟಿಕೆ ತಯಾರಿಸುವವರು ಉಳಿಯಲಿ ಎಂದು ಸುಂಕ ಏರಿಸಿದ್ದಾರೆ, ನನಗೂ ಅದು ಅರ್ಥವಾಗುತ್ತದೆ. ಆದರೆ ನನಗೆ ಬೇಕಾದ ಎಂಜಿನ್ನನ್ನು ನಮ್ಮ ದೇಶದಲ್ಲಿ ಯಾರೂ ಮಾಡುವುದೇ ಇಲ್ಲ. ಇಲ್ಲದವರನ್ನು ನನ್ನಿಂದ ಕಾಪಾಡಲು ನಾನೇ ದುಡ್ಡು ಕೊಡಬೇಕು! ಸುಳ್ಯದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಅಡಿಕೆ ತೋಟಕ್ಕೆ ಮದ್ದು ಸಿಂಪಡಿಸುವ ಪಂಪುಗಳ ರಿಪೇರಿ ಅವನ ಕೆಲಸ. ಈ ಮೂರು ತಾಲೂಕುಗಳಲ್ಲಿ ನನ್ನಂತೆಯೇ ಪುಟ್ಟ ರೈಲಿನ ಹುಚ್ಚು ಹತ್ತಿಸಿಕೊಂಡ ಇನ್ನೊಂದು ತಲೆ ಅದೊಂದೇ. ನನ್ನ ಗೋಳು ಕೇಳಿ ಅವನು, "ನಿನ್ನ ಗೋಡೆಯ ಆಚೆಗೇ ಶಾರ್ಜಾ ಉಂಟಲ್ಲ, ಮತ್ತೆಂತ?" ಎಂದ.

ಅವನು ಹೇಳಿದ್ದು ಚಪ್ಪಲಿ ಅಂಗಡಿಯವರ ಅಳಿಯನ ಬಗ್ಗೆ. ಶಾರ್ಜಾದಲ್ಲಿ ವಾಹನಗಳ ಬಿಡಿಭಾಗದ ಗೋದಾಮಿನಲ್ಲಿ ಕೆಲಸ ಮಾಡುವ ಆತ ಸದ್ಯದಲ್ಲೇ ರಜೆಯ ಮೇಲೆ ಬರುವವನಿದ್ದ. ಎಂಜಿನ್ನನ್ನು ಅವನ ವಿಳಾಸಕ್ಕೆ ತರಿಸಿದರೆ ಅಲ್ಲಿ ಬೀಳುವ ಸುಂಕ ಅಲ್ಪ; ಪ್ರಯಾಣಿಕನೊಬ್ಬ ತನ್ನ ಜೊತೆ ತರುವ ಸಾಮಾನಿಗೆ ಒಂದು ಮಿತಿಯವರೆಗೆ ಇಲ್ಲಿ ಸುಂಕವಿಲ್ಲ. ನನ್ನ ಎಂಜಿನ್ ಆ ಮಿತಿಯೊಳಗೇ ಇತ್ತು. ನೆರೆಯವರನ್ನು ಕೇಳಿದೆ. "ಅಷ್ಟೆಯಾ? ತರ್ತಾನೆ ಬಿಡಿ" ಎಂದು ಒಂದೇ ಮಾತಿನಲ್ಲಿ ಒಪ್ಪಿದರು.

ಇಲ್ಲಿಂದ ಮುಂದಿನದೆಲ್ಲ ನನ್ನ ಒಂದು ಧ್ವನಿಸಂದೇಶದಿಂದ ಆದದ್ದು. ಈ ಎಂಜಿನ್ನುಗಳ ಮೈಮೇಲೆ ಕೂದಲೆಳೆಯಷ್ಟು ತೆಳುವಾದ ಕೈಹಿಡಿ ಸರಳುಗಳಿರುತ್ತವೆ, ಏಣಿಗಳಿರುತ್ತವೆ. ಗೊತ್ತಿಲ್ಲದವರು ಹೊರಗೆ ತೆಗೆದರೆ ಅವು ಮುರಿಯುವುದು ಖಂಡಿತ. ಹಾಗಾಗಿ ಪೆಟ್ಟಿಗೆ ಶಾರ್ಜಾ ತಲುಪಿತು ಎಂದು ಗೊತ್ತಾದ ಕೂಡಲೇ ಅಳಿಯನಿಗೆ ಹೇಳಿ ಕಳಿಸಿದೆ: "ಪೆಟ್ಟಿಗೆ ಬಂದ ಹಾಗೆಯೇ ತನ್ನಿ. ಯಾವ ಕಾರಣಕ್ಕೂ ಬಿಚ್ಚಬೇಡಿ. ಲಗೇಜಿಗೆ ಹಾಕಬೇಡಿ, ಕೈಯಲ್ಲೇ ಇರಲಿ. ಯಾರಾದರೂ ಕೇಳಿದರೆ ಮಕ್ಕಳ ಆಟದ ಸಾಮಾನು ಅಂತ ಹೇಳಿದರೆ ಆಯ್ತು." ಹೇಳಬೇಕಾದದ್ದನ್ನೆಲ್ಲ ಚೊಕ್ಕವಾಗಿ ಹೇಳಿದೆ ಎಂಬ ಸಮಾಧಾನ ನನಗೆ.

ಅದಾದ ಮೇಲೆ ನೆರೆಯವರ ರೀತಿ ಬದಲಾಯಿತು. ಚಹಾ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ, "ಅದರ ಒಳಗೆ ಎಂತ ಎಲ್ಲ ಉಂಟು?" ಎಂದು ಕೇಳಿದರು. ಮೋಟಾರು, ಗೇರು ಎಂದೆ. ಮರುದಿನ, "ಅಷ್ಟು ಸಣ್ಣದಕ್ಕೆ ಅಷ್ಟು ರೇಟು ಯಾಕೆ?" ಎಂದರು. ಮತ್ತೊಂದು ದಿನ ಲೆಕ್ಕ ಕೇಳುವವರಂತೆ, "ಜರ್ಮನಿಯಲ್ಲಿ ನಿಮಗೆ ಕಳಿಸಿದ್ದು ಯಾರು? ನೀವು ಅವರನ್ನು ನೋಡಿದ್ದುಂಟಾ?" ಎಂದು ಕೇಳಿದರು. ಅಂಗಡಿಯವರಿಂದ ಕೊಂಡದ್ದು, ನೋಡುವುದೇನು ಬಂತು ಎಂದೆ. ಅವರು ತಲೆಯಾಡಿಸಿದರು, ಆದರೆ ನನ್ನ ಮುಖ ನೋಡಲಿಲ್ಲ. ಬೆಲೆ ಕೇಳುತ್ತಾರೆ, ಒಳಗೇನಿದೆ ಎಂದು ಕೇಳುತ್ತಾರೆ, ಯಾರು ಕಳಿಸಿದ್ದೆಂದು ಕೇಳುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ನನ್ನ ಕಿವಿ ಮೊದಲ ದಿನವೇ ನೆಟ್ಟಗಾಗುತ್ತಿತ್ತು. ಇವರ ವಿಷಯದಲ್ಲಿ ಮೂರನೆಯ ಪ್ರಶ್ನೆಗೆ ನೆಟ್ಟಗಾಯಿತು.

ಅಳಿಯ ಊರಿಗೆ ಬಂದ ಸುದ್ದಿ ನನಗೆ ತಿಳಿದದ್ದು ಎದುರಿನ ಹೋಟೆಲಿನವರಿಂದ. ಬಂದು ಕೆಲವು ದಿನಗಳಾದರೂ ಪೆಟ್ಟಿಗೆಯ ಸುದ್ದಿಯೇ ಇಲ್ಲ. ನಾನಾಗಿ ಕೇಳಲು ನಾಚಿಕೆ. ಗೋಡೆಯ ಈಚೆ ಕೂತು ಆಚೆಯ ಪ್ರತಿ ಸದ್ದಿಗೂ ಕಿವಿಗೊಟ್ಟೆ. ಅವರು ಫೋನಿನಲ್ಲಿ ದನಿ ತಗ್ಗಿಸಿದರೆ ಅದು ನನ್ನ ಎಂಜಿನ್ನಿನ ವಿಷಯವೇ ಎಂದುಕೊಂಡೆ. ಸುಳ್ಯದ ಗೆಳೆಯನಿಗೆ ಫೋನ್ ಮಾಡಿದರೆ ಅವನು ಉರಿಯುವುದಕ್ಕೆ ಇನ್ನಷ್ಟು ಎಣ್ಣೆ ಸುರಿದ. "ಅಲ್ಲಿ ಅದರ ಡೂಪ್ಲಿಕೇಟ್ ಸಿಗ್ತದೆ ಮಾರಾಯ. ಬಂದ ಕೂಡ್ಲೆ ತೂಕ ಮಾಡು" ಎಂದ. ಅವನ ಮಾತಿಗೆ ನಕ್ಕೆ. ಆದರೆ ಹೆಂಡತಿಯ ಅಡುಗೆಮನೆಯ ತಕ್ಕಡಿ ಎಲ್ಲಿದೆ ಎಂದು ಆ ಸಂಜೆಯೇ ಹುಡುಕಿಟ್ಟೆ.

ಕೊನೆಗೆ ಪೆಟ್ಟಿಗೆ ಬಂತು. ತಂದದ್ದು ಅಳಿಯನಲ್ಲ, ನೆರೆಯವರೇ. ಮೇಜಿನ ಮೇಲಿಟ್ಟು, "ನಿಮ್ಮ ಸಾಮಾನು" ಎಂದಷ್ಟೇ ಹೇಳಿ ಹೊರಟರು. ಕೂರಲಿಲ್ಲ. 'ಬಿಚ್ಚಿ, ನೋಡುವ' ಎನ್ನಲಿಲ್ಲ. ಪೆಟ್ಟಿಗೆಗೆ ಸುತ್ತಿದ್ದ ಟೇಪು ಕಂದು ಬಣ್ಣದ್ದು, ಕಂಪನಿಯವರದ್ದಲ್ಲವೇ ಅಲ್ಲ. ನಾನು ಷಟರ್ ಅರ್ಧ ಎಳೆದು ಮಾಳಿಗೆಗೆ ಓಡಿದೆ.

ಕನ್ನಡಕದವನ ಕಣ್ಣಿಗೆ ಸ್ಕ್ರೂ ಸುಳ್ಳು ಹೇಳಲಾರದು. ಒಮ್ಮೆ ತಿರುಗಿಸಿದ ಸ್ಕ್ರೂವಿನ ತಲೆಯ ಸೀಳಿನಲ್ಲಿ ಒಂದು ಹೊಳಪು ಉಳಿಯುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗಿನ ಎರಡೂ ಸ್ಕ್ರೂಗಳಲ್ಲಿ ಆ ಹೊಳಪಿತ್ತು. ಬಿಚ್ಚಿದ್ದಾರೆ! ನನ್ನ ಮೈ ಉರಿಯಿತು. ನಾನೂ ಬಿಚ್ಚಿದೆ. ಮೋಟಾರು ಸರಿಯಾಗಿಯೇ ಇತ್ತು. ಅದರ ಮುಂದೆ ಲೋಹದ ಕಪ್ಪು ಗಟ್ಟಿ. ಗಟ್ಟಿಯ ಒಂದು ಮೂಲೆಯಲ್ಲಿ ಅರದಿಂದ ಉಜ್ಜಿದ ಬೆಳ್ಳನೆಯ ಗೆರೆ. ಮತ್ತೆ ಜೋಡಿಸಿ ತೂಕ ಮಾಡಿದೆ, ಕಂಪನಿಯ ಚೀಟಿಯಲ್ಲಿದ್ದ ತೂಕಕ್ಕೆ ಸರಿಯಾಗಿ ಹೊಂದಿತು. ಹಳಿಯ ಮೇಲಿಟ್ಟು ಓಡಿಸಿದೆ. ಇದ್ದಬದ್ದ ಬೋಗಿಗಳನ್ನೆಲ್ಲ ಎಳೆದುಕೊಂಡು ಅದು ಘಾಟಿ ಹತ್ತಿತು, ಎಲ್ಲೂ ಜಾರಲಿಲ್ಲ. ವರ್ಷಗಳಿಂದ ನಾನು ಕಾದಿದ್ದ ನೋಟ ಅದು. ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ. ಏನೋ ತೆಗೆದಿದ್ದಾರೆ, ಏನೆಂದು ನನಗೆ ತಿಳಿಯುತ್ತಿಲ್ಲ ಎಂದೇ ಅನಿಸುತ್ತಿತ್ತು.

ಹೆಂಡತಿ ಮೇಲೆ ಬಂದು ನೋಡಿದಳು. "ಓಡ್ತಾ ಉಂಟಲ್ಲ, ಮತ್ತೆಂತ ಆಗ್ಬೇಕು?" ಎಂದಳು. ಎಂಜಿನ್ನನ್ನು ಮತ್ತೆ ಬಿಚ್ಚಿ ಗಟ್ಟಿಯ ಮೇಲಿನ ಗೆರೆ ತೋರಿಸಿದೆ. "ಹೋಗಿ ಕೇಳಿ. ಕೇಳುದಾದ್ರೆ ಮೆಲ್ಲ ಕೇಳಿ" ಎಂದಳು.

ನಾನು ಮೆಲ್ಲ ಕೇಳಲಿಲ್ಲ. ಗಿರಾಕಿಯೊಬ್ಬಳು ಒಂದು ಕಾಲಿಗೆ ಹೊಸ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಅವಳೆದುರಿಗೇ ಗಟ್ಟಿಯನ್ನು ಕೌಂಟರಿನ ಮೇಲೆ ಕುಕ್ಕಿದೆ. "ಇದನ್ನು ಬಿಚ್ಚಿದ್ದು ಯಾರು? ಬಿಚ್ಚಬೇಡಿ ಅಂತ ಹೇಳಿದ್ದೆ ಅಲ್ವಾ?"

ನೆರೆಯವರು ಗಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಬಿಚ್ಚಿದ್ದು ಅಳಿಯ. ಬಿಚ್ಚಲಿಕ್ಕೆ ಹೇಳಿದ್ದು ನಾನು."

"ಬೇಡ ಅಂದ ಮೇಲೂ?"

"ಬೇಡ ಅಂದದ್ದಕ್ಕೇ ಮಾರಾಯ್ರೆ" ಎಂದರು. ದನಿ ಏರಿಸಲಿಲ್ಲ. "ನಮ್ಮಲ್ಲಿ ಯಾರಾದರೂ ಗಲ್ಫಿಗೆ ಹೋಗುವಾಗ, ಬರುವಾಗ ಸಾಮಾನು ಕೊಡುವವರು ಕಟ್ಟಿ ಕೊಡುದಿಲ್ಲ. ಬಿಚ್ಚಿಯೇ ತಂದು ಇಡುದು. ಹಪ್ಪಳ ಆಗಲಿ, ಉಪ್ಪಿನಕಾಯಿ ಆಗಲಿ, ಒಡಹುಟ್ಟಿದ ಅಣ್ಣನೇ ಕೊಡಲಿ. ತಕೊಂಡು ಹೋಗುವವ ಕೈ ಹಾಕಿ ನೋಡಿ, ಅವನೇ ಕಟ್ಟುದು. ಯಾರಿಗೂ ಬೇಸರ ಇಲ್ಲ. ಗೊತ್ತಿಲ್ಲದೆ ಇನ್ನೊಬ್ಬರ ಕಟ್ಟು ಹಿಡಿದು ಅಲ್ಲಿ ಜೈಲಿಗೆ ಹೋದವರು ಇದ್ದಾರೆ. ಬಿಚ್ಚಬೇಡ, ಕೈಯಲ್ಲೇ ಹಿಡ್ಕೊ, ಕೇಳಿದ್ರೆ ಆಟದ ಸಾಮಾನು ಅಂತ ಹೇಳು. ಹೀಗೆ ಹೇಳುವವರು ಯಾರು ಅಂತ ನಿಮಗೆ ಗೊತ್ತುಂಟಾ?"

ಗೊತ್ತಿತ್ತು. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಿಕ್ಸಿಯೊಳಗೆ, ಗೊಂಬೆಯೊಳಗೆ ಬಂಗಾರ ಸಿಕ್ಕಿತು ಎಂಬ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿ, ಅದನ್ನು ಎಲ್ಲೆಲ್ಲ ಅಡಗಿಸುತ್ತಾರೆ ಎಂದು ನಾವಿಬ್ಬರೂ ಸೇರಿಯೇ ನಕ್ಕಿದ್ದೆವು.

"ಸಣ್ಣ ಪೆಟ್ಟಿಗೆ, ಎತ್ತಿದರೆ ಕಲ್ಲಿನ ಹಾಗೆ ಭಾರ" ಎಂದು ಅವರು ಮುಂದುವರಿಸಿದರು. "ಅವ ಹೆದರಿ ನನಗೆ ಫೋನ್ ಮಾಡಿದ. ಬಿಚ್ಚು ಅಂದೆ. ಒಳಗೆ ಈ ಕಪ್ಪು ಗಟ್ಟಿ. ಮೇಲೆ ಬಣ್ಣ ಬಳಿದಿದ್ದಾರೆ, ಒಳಗೆ ಎಂತ ಅಂತ ಯಾರಿಗೆ ಗೊತ್ತು? ಅಲ್ಲಿಯ ಒಬ್ಬ ಅಕ್ಕಸಾಲಿಗನಿಗೆ ಕೊಟ್ಟು ಉಜ್ಜಿಸಿದ. ಬಂಗಾರ ಅಲ್ಲ ಅಂತ ಗೊತ್ತಾದ ಮೇಲೆಯೇ ವಿಮಾನ ಹತ್ತಿದ್ದು."

"ನಾನು ಬಂಗಾರ ಸಾಗಿಸುತ್ತೇನೆ ಅಂತ ಎಣಿಸಿದಿರಾ? ಇಷ್ಟು ವರ್ಷ ಪಕ್ಕದಲ್ಲಿ ಕೂತು?"

"ಎಣಿಸಿದೆ." ಅದನ್ನೂ ಅವರು ಅಷ್ಟೇ ಮೆಲ್ಲಗೆ ಹೇಳಿದರು. "ನೀವು? ಅಳಿಯ ಮಾಲು ಬದಲಿಸಿದ ಅಂತ ಎಣಿಸಿದ್ದಕ್ಕೇ ಅಲ್ವಾ ಹೀಗೆ ಬಂದದ್ದು? ನನಗೆ ನೀವು ಬೇಕು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಅವ ಒಳಗೆ ಹೋದ್ರೆ ನನ್ನ ಮಗಳು ಎಂತ ಮಾಡುದು? ನಿಮ್ಮ ರೈಲು ನೋಡಿಕೊಂಡು ಕೂರುದಾ?"

ಚಪ್ಪಲಿಯ ಹೆಂಗಸು ಎರಡನೆಯ ಕಾಲಿನದನ್ನು ಹಾಕಿ ನೋಡದೆಯೇ ಹೊರಟುಹೋದಳು. ನಾನು ಗಟ್ಟಿಯನ್ನು ಎತ್ತಿಕೊಂಡು ಬಂದೆ.

ನನಗೆ ನಿಜಕ್ಕೂ ನೋವಾಗಿತ್ತು. ಅಂಗಡಿಯ ಬಾಡಿಗೆ ಕೊಡಲು ಹೋಗುವಾಗ ಕಟ್ಟಡದ ಮಾಲೀಕರ ಎದುರು ಯಾವ ಮಾತು ಆಡಬೇಕು ಎಂಬುದನ್ನೂ ಇಬ್ಬರೂ ಕೂತು ಯೋಚಿಸಿದವರು ನಾವು. ಅಂಥವರ ಕಣ್ಣಿಗೆ ನಾನು ಒಂದು ಸಂದೇಶದಿಂದ ಕಳ್ಳಸಾಗಣೆಯವನಾದೆ. ಅವರ ಮಗಳ ವಿಷಯ ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ಒಂದು ಮಾತು ನನ್ನನ್ನೇ ನೇರವಾಗಿ ಕೇಳಬಹುದಿತ್ತಲ್ಲ ಎಂಬ ಸಿಟ್ಟು ಹೋಗಲಿಲ್ಲ. ಹೆಂಡತಿಗೆ ಹಾಗೆಂದಾಗ ಅವಳು, "ಕೇಳಿದ್ರಲ್ಲ, ಮೂರು ಸಲ. ನಿಮಗೆ ಅದು ಬೇರೆಯೇ ಕಂಡಿತು" ಎಂದಳು. "ಅವರ ಜಾಗದಲ್ಲಿ ನೀವಿದ್ದಿದ್ರೆ ಬಾಕ್ಸನ್ನು ಎಕ್ಸ್‌ರೇ ತೆಗೆಸ್ತಿದ್ರಿ" ಎಂದೂ ಸೇರಿಸಿದಳು.

ಚಹಾ ನಿಂತಿತು. ನಾನು ಶಿಬಿರಕ್ಕೆ ಹೋಗುವ ದಿನ ಬಾಗಿಲಿಗೆ ಬೋರ್ಡು ತೂಗುಹಾಕತೊಡಗಿದೆ. ಅವರಿಗೆ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದೆವು, ಅಷ್ಟೆ. ನಮ್ಮಿಬ್ಬರ ಮೌನಕ್ಕೆ ಊರಿನವರು ತಮಗೆ ಬೇಕಾದ ಕಾರಣ ಕೊಟ್ಟುಕೊಂಡರು. ಒಬ್ಬ ಗಿರಾಕಿ ಕನ್ನಡಕ ಒರೆಸಿಕೊಳ್ಳುತ್ತಾ ಬಹಳ ಸಹಾನುಭೂತಿಯಿಂದ, "ನಿಮಗೆ ಈಗ ಗೊತ್ತಾದದ್ದಾ, ನಮಗೆ ಮೊದಲೇ ಗೊತ್ತಿತ್ತು" ಎಂದು ಗೋಡೆಯ ಕಡೆಗೆ ಕಣ್ಣು ತೋರಿಸಿದ. ಅವನ ಮೇಲೆ ನನಗೆ ಬಂದ ಅಸಹ್ಯವನ್ನು ಹೇಳಲಾರೆ. ಇದು ಅದಲ್ಲ ಎಂದು ಹೇಳಿದೆ. ಮತ್ತೇನು ಎಂದು ಅವನು ಕೇಳಿದ. ರೈಲು ಎಂಜಿನ್ ಎಂದರೆ ಅವನು ನಂಬುವವನಲ್ಲ.

ಎಂಜಿನ್ ಬಂತು, ಆದರೆ ಅದಕ್ಕೆ ಒಪ್ಪುವ ಬೋಗಿಗಳಿರಲಿಲ್ಲ. ಇನ್ನು ಯಾರ ಹಂಗೂ ಬೇಡ, ಹೋದರೆ ದುಡ್ಡು ಹೋಗಲಿ ಎಂದು ಎರಡು ಬೋಗಿಗಳನ್ನು ನೇರವಾಗಿ ಕೊರಿಯರಿನಲ್ಲೇ ತರಿಸಿದೆ. ಮಳೆ ಹಿಡಿದ ಒಂದು ಮಧ್ಯಾಹ್ನ ಕೊರಿಯರಿನವನು ಸ್ಕೂಟರ್ ನಿಲ್ಲಿಸಿ, ಎರಡು ಅಂಗಡಿಗಳ ನಡುವಿನ ಮೆಟ್ಟಿಲ ಮೇಲೆಯೇ ಪೆಟ್ಟಿಗೆ ಇಳಿಸಿದ. ಸುಂಕ ಕೊಟ್ಟ ಮೇಲೆಯೇ ಮಾಲು ಎಂದ. ಕೊಟ್ಟೆ. ಪೆಟ್ಟಿಗೆಯ ಒಂದು ಬದಿಯನ್ನು ಉದ್ದಕ್ಕೆ ಸೀಳಿ, ತಪಾಸಣೆಗಾಗಿ ತೆರೆಯಲಾಗಿದೆ ಎಂಬ ಟೇಪನ್ನು ಮೇಲೆ ಅಂಟಿಸಿದ್ದರು. ಒಳಗಿನ ಸ್ಪಂಜು ಹರಿದಿತ್ತು. ಒಂದು ಬೋಗಿಯ ಕೊಂಡಿ ಮುರಿದು ಪ್ಲಾಸ್ಟಿಕ್ಕಿನ ಚೂರಾಗಿ ಬುಡದಲ್ಲಿ ಬಿದ್ದಿತ್ತು. ಅವನು ಮೊಬೈಲ್ ಚಾಚಿದ. ನಾನು ಬೆರಳಿನಿಂದ ಸಹಿ ಗೀಚಿ, ಅವನಿಗೆ ಥ್ಯಾಂಕ್ಸ್ ಹೇಳಿದೆ.

ತಲೆಯೆತ್ತಿದರೆ ನೆರೆಯವರು ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಕೈಯಲ್ಲಿ ಒಂಟಿ ಚಪ್ಪಲಿ ಇತ್ತು.

"ಎಷ್ಟು ತಕೊಂಡ್ರು?" ಎಂದರು. ಅಷ್ಟು ಕಾಲದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

ಹೇಳಿದೆ.

"ಬಿಚ್ಚಿದ್ದಾರೆ ಕೂಡ?"

"ಹೂಂ. ಒಂದು ಕೊಂಡಿ ಮುರಿದಿದ್ದಾರೆ."

"ನೀವು ಎಂತ ಹೇಳಿದ್ರಿ?"

"ಅವರಿಗೆ ಎಂತ ಹೇಳುದು? ಸೈನ್ ಹಾಕಿದೆ."

ಅವರು ಬಗ್ಗಿ, ಸೀಳಿದ್ದ ಪೆಟ್ಟಿಗೆಯನ್ನು ನೋಡಿದರು. "ನಮ್ಮ ಅಳಿಯ ಪುಕ್ಕಟೆ ಬಿಚ್ಚಿದ್ದು ಮಾರಾಯ್ರೆ. ಎಂತದ್ದೂ ಮುರೀಲಿಲ್ಲ" ಎಂದರು.

ತಮಾಷೆಗೆ ಹೇಳಿದ್ದಿರಬೇಕೆಂದು ನಾನು ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ.